ಮೋಟರಿಗೆ ಬೆರಳು, ಎಂಜಿನ್ನಿಗೆ ತೋಳು

ಹಸಿರು ಗುಂಡಿಯನ್ನು ಬಿಂದುಶ್ರೀ ಇನ್ನೊಮ್ಮೆ ಒತ್ತಿದಳು. ಮೋಟರ್ ಮಿಸುಕಲಿಲ್ಲ.

“ಕರೆಂಟಿಲ್ಲ ಮೇಡಂ,” ಅಂದ ಹೆಡ್ ಕಾನ್‌ಸ್ಟೇಬಲ್ ಚಿಕ್ಕನರಸಯ್ಯ. “ಪಾವಗಡದಾಗೆ ಬಿಸ್ಲು ಹಿಡ್ದು ಊರಿಗೆಲ್ಲಾ ಕರೆಂಟ್ ಕಳುಸ್ತಾರಂತೆ. ನಮ್ ಐ.ಡಿ.ಹಳ್ಳಿ ಕಡೀಕೆ ಬರಾದು ಬಿಸ್ಲು ಮಾತ್ರ.”

“ಇಲ್ಲ ಅಂತ ಗೊತ್ತಿದ್ದೇ ಒತ್ತಿದೆ ಚಿಕ್ಕನರಸಯ್ಯನವ್ರೆ. ಕರೆಂಟಿಲ್ಲದಾಗ ಇದೆಷ್ಟು ಸಾಧು ಪ್ರಾಣಿ ಅಂತ ನೋಡೋಣ ಅಂತ.”

ಆ ಸಾಧು ಪ್ರಾಣಿಯ ಪಕ್ಕದಲ್ಲೇ ಮೊನ್ನೆ, ಹಿಟ್ಟಿನ ಮಿಲ್ಲಿನ ಯಜಮಾನ ದೊಡ್ಡರಂಗಪ್ಪ, ತಿರುಗುವ ಶಾಫ್ಟಿಗೆ ಹೆಗಲ ಟವಲ್ ಸಿಕ್ಕಿ, ಕುತ್ತಿಗೆ ಬಿಗಿದು ಸತ್ತು ಬಿದ್ದಿದ್ದ. ಮಿಲ್ಲು ನಡೆಸುತ್ತಿದ್ದ ತಿಪ್ಪೇಶನನ್ನು ನೆನ್ನೆ ಸಂಜೆ ಹಿಡಿದು ತಂದು ಠಾಣೆಯಲ್ಲಿ ಕೂರಿಸಿದ್ದಾಗಿತ್ತು. ಇವತ್ತು ಸಂಜೆಯೊಳಗೆ ಅವನನ್ನು ಮಧುಗಿರಿ ಕೋರ್ಟಿಗೆ ಹಾಜರು ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ತೀರ್ಮಾನ ಸಬ್ ಇನ್ಸ್‌ಪೆಕ್ಟರ್ ಬಿಂದುಶ್ರೀಯದು.

ಬೆಳಿಗ್ಗೆ ಠಾಣೆಯ ಬಾಗಿಲಲ್ಲಿ ತಿಪ್ಪೇಶನ ಹೆಂಡತಿ ಅನುಷಾ ಕಾದು ನಿಂತಿದ್ದಳು. ಅಳಲಿಲ್ಲ, ಕಾಲಿಗೆ ಬೀಳಲಿಲ್ಲ, ಕೈ ಕೂಡ ಮುಗಿಯಲಿಲ್ಲ. “ನನ್ ಗಂಡ ಇರುವೆ ಸತ್ರೂ ಅಯ್ಯೋ ಅನ್ನೋನು ಮೇಡಂ. ಒಂದ್ಸಲ ಮಿಲ್ಲಿಗೋಗಿ ನೀವೇ ನೋಡಿ,” ಅಂದಿದ್ದಳು, ಅಷ್ಟೇ. ಬಂದವರೆಲ್ಲ ಮೊದಲು ಕೈ ಮುಗಿದು ಆಮೇಲೆ ಸುಳ್ಳು ಹೇಳುವುದನ್ನು ನೋಡಿ ನೋಡಿ ಸಾಕಾಗಿದ್ದ ಬಿಂದುಶ್ರೀಗೆ ಆ ನೆಟ್ಟಗಿನ ನಿಲುವು ಹಿಡಿಸಿತ್ತು. ಮಿಲ್ಲಿಗೆ ಬಂದದ್ದೂ ಅದಕ್ಕೇ.

“ನೋಡೋಕಿನ್ನೇನಿದೆ ಮೇಡಂ?” ಬಾಗಿಲಿಗೆ ಒರಗಿ ನಿಂತಿದ್ದ ಪ್ರಸನ್ನ ಕುಮಾರ್ ಗಡಿಯಾರ ನೋಡಿಕೊಂಡ. ದೊಡ್ಡರಂಗಪ್ಪನ ಅಳಿಯ ಇವನು. ಕೊರಟಗೆರೆಯಲ್ಲಿ ಮೊಬೈಲ್ ಅಂಗಡಿ. ಮೊನ್ನೆ ಮಧ್ಯಾಹ್ನ ಮಾವನನ್ನು ಮಾತಾಡಿಸಲು ಬಂದು ಹೆಣ ನೋಡಿದವನು, ದೂರು ಕೊಟ್ಟವನೂ ಅವನೇ. “ಮಿಲ್ಲು ಮಾರ್ತೀನಿ, ಬೇರೆ ಕಡೆ ಕೆಲ್ಸ ನೋಡ್ಕೋ ಅಂತ ಮಾವ ಅವನಿಗೆ ಹೇಳಿದ್ರು. ಹೊಟ್ಟೆ ಉರೀತು. ಆಟೋ ಹಾಕಿಟ್ಟು ಬಸ್ ಹತ್ತಿದ.”

ಆಟೋ ಅಂದರೆ ಮೂರು ಚಕ್ರದ ಗಾಡಿಯಲ್ಲ. ಈ ಸೀಮೆಯ ತೋಟ ತೋಟದಲ್ಲೂ ಇರುವ ಒಂದು ಸಣ್ಣ ಡಬ್ಬಿ. ಕರೆಂಟ್ ಯಾವಾಗ ಬರುತ್ತದೋ ದೇವರಿಗೂ ಗೊತ್ತಿಲ್ಲದ ಕಡೆ ಬೋರ್‌ವೆಲ್ ಕಾಯುತ್ತ ಯಾರು ಕೂರುತ್ತಾರೆ? ಆಟೋ ಹಾಕಿಟ್ಟರೆ ಮುಗಿಯಿತು. ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ಹೊರಡುತ್ತದೆ, ಯಜಮಾನ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದರೂ ಸರಿ. ತಿಪ್ಪೇಶ್ ಅದೇ ಡಬ್ಬಿಯನ್ನು ತಂದು ಮಿಲ್ಲಿನ ಮೋಟರಿಗೂ ಕೂರಿಸಿದ್ದ. ನೀರೆತ್ತುವ ಮೋಟರಿನ ಹತ್ತಿರ ಯಾರೂ ಸುಳಿಯುವುದಿಲ್ಲ, ಮಿಲ್ಲಿನ ಮೋಟರಿನ ಹತ್ತಿರ ಮನುಷ್ಯರು ಓಡಾಡುತ್ತಾರೆ. ಆ ಮಾತು ಅವನಿಗೆ ಹೊಳೆಯಲಿಲ್ಲವೋ, ಹೊಳೆದೇ ಕೂರಿಸಿದನೋ, ಕೇಸು ನಿಂತಿದ್ದೇ ಅಲ್ಲಿ.

ತಿಪ್ಪೇಶ್ ಮೊನ್ನೆ ಮೊದಲ ಬಸ್ಸಿಗೇ ಪಾವಗಡಕ್ಕೆ ಹೋಗಿ, ಬೀಸುವ ಕಲ್ಲಿಗೆ ಹೊಸ ಬೆಲ್ಟ್ ಕೊಂಡು, ಮಧ್ಯಾಹ್ನ ಕಳೆದ ಮೇಲೆ ವಾಪಸ್ಸಾದವನು. ಬೆಲ್ಟ್ ಅಂಗಡಿಯ ಕ್ಯಾಮೆರಾದಲ್ಲಿ ಅವನ ಮುಖ ಚೆನ್ನಾಗಿ ಬಿದ್ದಿತ್ತು. ಆದರೆ ಆಟೋ ಹಾಕಿಟ್ಟು ಹೋದವನಿಗೆ ಪಾವಗಡವಾದರೇನು, ಪಂಢರಾಪುರವಾದರೇನು? ಹತ್ತರ ಸುಮಾರಿಗೆ ಕರೆಂಟ್ ಬಂದು, ಸ್ವಲ್ಪ ಹೊತ್ತು ಇದ್ದು ಹೋಗಿತ್ತು. ಅದರ ಜೊತೆಗೇ ಮಾವನ ಜೀವವೂ ಹೋಯಿತು ಅನ್ನುವುದು ಅಳಿಯನ ವಾದ.

“ಅಂದ್ರೆ ಓಡಿದ್ದು ಮೋಟರ್ರೇ ಅಂತ ನಿಮಗೆ ಗ್ಯಾರಂಟಿ,” ಅಂದಳು ಬಿಂದುಶ್ರೀ.

“ಮತ್ತಿನ್ಯಾವುದು?”

ಅವಳು ಶಾಫ್ಟಿನ ಇನ್ನೊಂದು ತುದಿಗೆ ಕೈ ತೋರಿಸಿದಳು. ಅಲ್ಲಿ ಮೈಯೆಲ್ಲ ಜಿಡ್ಡು ಹಚ್ಚಿಕೊಂಡ ಹಳೇ ಡೀಸೆಲ್ ಎಂಜಿನ್ ಕೂತಿತ್ತು. ಕರೆಂಟ್ ಇದ್ದಾಗ ಈ ತುದಿಯ ಮೋಟರ್, ಇಲ್ಲದಾಗ ಆ ತುದಿಯ ಎಂಜಿನ್. ನಡುವೆ ತಿರುಗುವ ಶಾಫ್ಟು ಒಂದೇ. ಮೊನ್ನೆ ಮೋಟರಿನ ಬೆಲ್ಟ್ ಶಾಫ್ಟಿನ ಮೇಲಿತ್ತು, ಎಂಜಿನ್ನಿನ ಬೆಲ್ಟ್ ನೆಲದ ಮೇಲೆ ಬಿದ್ದಿತ್ತು. ಅದನ್ನು ನೋಡಿದವರೆಲ್ಲ ಮೋಟರ್ ಅಂದುಬಿಟ್ಟಿದ್ದರು, ಬಿಂದುಶ್ರೀ ಕೂಡ.

“ಮೋಟರ್ರೋ ಎಂಜಿನ್ನೋ, ಎರಡೂ ತಿರುಗ್ಸೋವೇ ಅಲ್ವಾ ಮೇಡಂ?” ಅಂದ ಚಿಕ್ಕನರಸಯ್ಯ. “ನಮ್ಮಜ್ಜಿ ಬಸ್ಸಿಗೇ ಮೋಟ್ರು ಅಂತಿದ್ಲು.”

“ನಿಮ್ಮ ಹಳೇ ಕಿಕ್ಕರ್ ಗಾಡಿಗೆ ಏನಂತೀರ?”

“ಮೋಟರ್ ಸೈಕಲ್ಲು.”

“ಅದರಲ್ಲಿ ಮೋಟರ್ ಎಲ್ಲಿದೆ?”

ಚಿಕ್ಕನರಸಯ್ಯ ತಲೆ ಕೆರೆದುಕೊಂಡ. “ಇರಾದು ಎಂಜಿನ್ನು. ಅಲ್ಲಾ, ನಮ್ಮುಡುಗಿ ತಗಂಡಿರೋ ಬ್ಯಾಟ್ರಿ ಗಾಡೀಲಿ ಮೋಟರ್ ಅದೆ, ಅದುನ್ನ ಯಾರೂ ಮೋಟರ್ ಸೈಕಲ್ ಅನ್ನಲ್ಲ. ಇದೊಳ್ಳೆ ಕಥೆ ಆಯ್ತಲ್ಲ.”

“ಮನೇಲಿ ಒಲೆ ಹಚ್ಚಿ ಉಣ್ಣೋದಕ್ಕೂ, ಕ್ಯಾರಿಯರ್‌ನಲ್ಲಿ ತರಿಸಿ ಉಣ್ಣೋದಕ್ಕೂ ಇರೋ ವ್ಯತ್ಯಾಸ ನೋಡಿ. ಎಂಜಿನ್ ತನ್ನ ಹೊಟ್ಟೇಲೇ ಒಲೆ ಹಚ್ಚುತ್ತೆ. ಎಣ್ಣೆ ಸುಡುತ್ತೆ, ಹೊಗೆ ಬಿಡುತ್ತೆ. ಮೋಟರ್‌ಗೆ ಒಲೆ ಇಲ್ಲ. ಬೇರೆಲ್ಲೋ ಮಾಡಿದ್ದು ತಂತೀಲಿ ಬರಬೇಕು, ಬಂದ್ರೆ ಓಡುತ್ತೆ, ಇಲ್ಲದಿದ್ರೆ ಹೀಗೆ ಸುಮ್ಮನೆ ಕೂರುತ್ತೆ.”

ಸಿರಾ ಹತ್ತಿರದ ಹಳ್ಳಿಯ ಮಿಲ್ಲಿನ ಎಂಜಿನ್ ಮನೆಯಲ್ಲಿ, ಅಪ್ಪನ ಕಾಲುಕಾಲಿಗೆ ಸಿಕ್ಕಿಕೊಂಡು ಬೆಳೆದವಳು ಅವಳು. ಅದಿಷ್ಟು ಅವಳಿಗೆ ಬಾಯಿಪಾಠ.

“ಪಾಠ ಚೆನ್ನಾಗಿದೆ ಮೇಡಂ,” ಅಂದ ಪ್ರಸನ್ನ ಕುಮಾರ್. “ಮೊನ್ನೆ ಹೊಗೆ ನೋಡಿದೋರು ಯಾರಿದ್ದಾರೆ?”

ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಮೇಲಿನಿಂದ ಬಂತು.

“ಲೇ ಚಿಕ್ಕನರಸಯ್ಯ! ಸತ್ತೋನ್ಗೆ ಎಲ್ಲಾ ಅಳ್ತೀರಿ, ನನ್ ಸಂಡಿಗೆಗೆ ಅಳೋರು ಯಾರ್ಲಾ?”

ಪಕ್ಕದ ಮನೆಯ ತಾರಸಿಯ ಮೇಲೆ ಪಾಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಚಿಕ್ಕನರಸಯ್ಯನಿಗೆ ದೂರದ ಅತ್ತೆ. ದೂರದ ಅತ್ತೆಗೆ ಹತ್ತಿರದ ಅತ್ತೆಗಿಂತ ಬಾಯಿ ಜೋರು. ಅವಳು ಒಂದು ಮೊರ ತಂದು ಕಟ್ಟೆಗೆ ಕುಕ್ಕಿದಳು.

ಬಿಂದುಶ್ರೀ ಮೆಟ್ಟಿಲು ಹತ್ತಿದಳು. ಮೊರದ ತುಂಬ ಅಕ್ಕಿ ಸಂಡಿಗೆ. ಬಿಳಿ ಸಂಡಿಗೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕಿ.

“ಏನಿದು ಅಜ್ಜಿ, ಎಳ್ಳು ಹಾಕಿದೀರ?”

“ಎಳ್ಳಲ್ಲ ಕಣಮ್ಮ, ಮಸಿ. ಮುಟ್ ನೋಡು.”

ಬಿಂದುಶ್ರೀ ಒಂದು ಚುಕ್ಕಿಯ ಮೇಲೆ ಬೆರಳೊತ್ತಿದಳು. ಬೆರಳು ಕರ್ರಗಾಯಿತು, ಡೀಸೆಲ್ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ತಲೆಯೆತ್ತಿ ನೋಡಿದಳು. ಮಿಲ್ಲಿನ ಗೋಡೆಯಿಂದ ಹೊರಗೆ ಬಂದ ಎಂಜಿನ್ನಿನ ಹೊಗೆ ಕೊಳವೆ ನೇರ ಪಾಪಕ್ಕನ ತಾರಸಿಗೆ ಬಾಯಿ ತೆರೆದುಕೊಂಡಿತ್ತು.

“ಇದನ್ನ ಬಿಸಿಲಿಗೆ ಹಾಕಿದ್ದು ಯಾವತ್ತು?”

“ಮೊನ್ನೆ ಒತ್ತಾರೆ. ತಿಪ್ಪೇಶ ಬೆಲ್ಟ್ ತರಾಕೆ ಪಾವಗಡುಕ್ಕೆ ಓಯ್ತೀನಿ, ಇವತ್ತು ಮಿಲ್ ಓಡಲ್ಲ ಅಂದ. ಸರಿ ಬುಡು, ಹೊಗೆ ಬರಾಕಿಲ್ಲ ಅಂತ ಧೈರ್ಯವಾಗಿ ಒತ್ಬುಟ್ಟೆ. ಅತ್ಲಾಗೆ ಬಿಸ್ಲಿಗೆ ಒಳಗೋಗಿ ಮಲಿಕಂಡೆ. ಹೆಣ ಬಿದ್ದದೆ ಅಂತ ಕೂಗಾಡ್ದಾಗ ಎದ್ದು ಬಾಚ್ಕಂಡು ಒಳೀಕ್ ತಂದೆ. ಇವತ್ತು ನೋಡಿದ್ರೆ ಇಂಗಾಗದೆ.”

“ಎಂಜಿನ್ ಸದ್ದು ಕೇಳಿಸ್ತಾ?”

“ನಲವತ್ತೊರ್ಸದಿಂದ ಕೇಳಿ ಕೇಳಿ ನಂಗೆ ಆ ಸದ್ದು ಸದ್ದೇ ಅಲ್ಲ ಕಣಮ್ಮ. ಅದು ಓಡ್ತಿದ್ರೇನೇ ನಿದ್ದೆ ಚೆಂದಾಗಿ ಬತ್ತದೆ. ಸಂಡಿಗೆ ಕಾಸು ಯಾರ್ ಕೊಡ್ತಾರೆ ಅದುನ್ನ ಹೇಳು.”

ಬಿಂದುಶ್ರೀಗೆ ಆ ಮುದುಕಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಯೂನಿಫಾರ್ಮ್ ಇದ್ದದ್ದರಿಂದ ನಾಲ್ಕು ಸಂಡಿಗೆ ಕಾಗದದಲ್ಲಿ ಕಟ್ಟಿಕೊಂಡು ಕೆಳಗಿಳಿದಳು.

*

“ಮೋಟರ್ ಮಸಿ ಉಗುಳಲ್ಲ,” ಅಂದಳು. “ಮೊನ್ನೆ ಓಡಿದ್ದು ಎಂಜಿನ್.”

ಪ್ರಸನ್ನ ಕುಮಾರ್ ಸಂಡಿಗೆಯನ್ನೂ ಅವಳನ್ನೂ ನೋಡಿದ. “ಆದ್ರೇನು? ಎರಡರಲ್ಲಿ ಒಂದು. ಸತ್ತಿದ್ದು ಸತ್ತಿದ್ದೇ ಅಲ್ವಾ?”

“ಅಲ್ಲೇ ಇರೋದು. ಮೋಟರಿಗೆ ಬೆರಳು ಸಾಕು, ಆಟೋ ಇದ್ರೆ ಬೆರಳೂ ಬೇಡ. ಎಂಜಿನ್ನಿಗೆ ತೋಳು ಬೇಕು. ಹ್ಯಾಂಡಲ್ ಹಾಕಿ ಗರಗರ ತಿರುಗಿಸಿ ಹೊಡೀಬೇಕು. ನಿಮ್ಮ ಮಾವನ ಬಲಗೈಗೆ ಪ್ಲಾಸ್ಟರ್ ಹಾಕಿತ್ತು, ಬೈಕಿಂದ ಬಿದ್ದು. ಅವರು ಹೊಡೆದಿಲ್ಲ. ತಿಪ್ಪೇಶ ಪಾವಗಡದಲ್ಲಿದ್ದ. ಅವನೂ ಹೊಡೆದಿಲ್ಲ.”

“ಅಂಗಾರೆ ಇನ್ನೊಬ್ರು ಇದ್ರು,” ಅಂದ ಚಿಕ್ಕನರಸಯ್ಯ ಮೆಲ್ಲಗೆ.

“ಇದ್ರು. ಶಾಫ್ಟ್ ಬಿಗಿದಾಗ ಎಂಜಿನ್ ಬೆಲ್ಟ್ ಜಾರಿ ಬಿದ್ದಿದೆ, ಅದಕ್ಕೇ ಅದು ನೆಲದಲ್ಲಿ ಸಿಕ್ತು. ಆದ್ರೆ ಬೆಲ್ಟ್ ಬಿದ್ರೂ ಎಂಜಿನ್ ಓಡ್ತಾನೇ ಇರುತ್ತೆ. ಟ್ಯಾಂಕ್ ತೆಗೆದು ನೋಡಿ.”

ಚಿಕ್ಕನರಸಯ್ಯ ಮುಚ್ಚಳ ತಿರುಗಿಸಿದ. ಅರ್ಧಕ್ಕೂ ಮೇಲೆ ಡೀಸೆಲ್ ಇತ್ತು.

ಎಣ್ಣೆ ಮುಗಿದು ನಿಂತದ್ದಲ್ಲ, ಯಾರೋ ನಿಲ್ಲಿಸಿದ್ದು. ಅಂದರೆ ದೊಡ್ಡರಂಗಪ್ಪ ಸಾಯುವಾಗ ಆ ಯಾರೋ ಇಲ್ಲೇ ನಿಂತಿದ್ದರು. ನೋಡಿದರು, ಎಂಜಿನ್ ಆರಿಸಿದರು, ಯಾರನ್ನೂ ಕೂಗದೆ ಹೊರಟುಹೋದರು. ಕೊಂದವರೋ ಹೆದರಿದವರೋ, ಒಂದು ಕೂಗು ಹಾಕಬಹುದಿತ್ತು.

ಗೋಡೆಯಲ್ಲಿ ಹ್ಯಾಂಡಲ್ ತೂಗುಹಾಕುವ ಮೊಳೆ ಖಾಲಿಯಿತ್ತು. ಮೂಲೆಯ ತಗಡಿನ ಡಬ್ಬದಲ್ಲಿ ಹೊಸದಾಗಿ ಬಿದ್ದ ನೆಗ್ಗು ಕಂಡಿತು. ಡಬ್ಬ ಸರಿಸಿದರೆ ಅದರ ಹಿಂದೆ, ಹೊಟ್ಟಿನ ಚೀಲದ ಸಂದಿಯಲ್ಲಿ, ಹ್ಯಾಂಡಲ್ ಬಿದ್ದಿತ್ತು.

ಎಂಜಿನ್ ಒದ್ದಿದೆ. ಬಿಂದುಶ್ರೀಗೆ ಅಪ್ಪನ ದನಿ ಕಿವಿಯಲ್ಲೇ ಕೇಳಿಸಿದ ಹಾಗಾಯಿತು. ಪೂರ್ತಿ ವೇಗ ಬರುವ ಮೊದಲೇ ಎಂಜಿನ್ ಹತ್ತಿಕೊಂಡರೆ ಹ್ಯಾಂಡಲನ್ನು ಹಿಂದಕ್ಕೆ ಒದೆಯುತ್ತದೆ. ಅದಕ್ಕೇ ಹೊಡೆಯುವವರು ಹ್ಯಾಂಡಲನ್ನು ಮುಷ್ಟಿ ಕಟ್ಟಿ ಹಿಡಿಯುವುದಿಲ್ಲ. ‘ಹೆಬ್ಬೆಟ್ಟು ನಾಕ್ ಬೆಟ್ಟಿನ ಜತೆಗೇ ಇರ್ಲಿ ಮಗಾ. ಸುತ್ತಿ ಹಿಡಿದ್ಯೋ, ಮುರೀತು,’ ಅನ್ನುತ್ತಿದ್ದ ಅಪ್ಪ. ಎಂಜಿನ್ ಮನೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಅದು.

“ಹೊಡೆದೋರಿಗೆ ಈ ಕೆಲಸ ಹೊಸದು,” ಅಂದಳು. “ಹ್ಯಾಂಡಲನ್ನ ಸುತ್ತಿ ಹಿಡಿದಿದಾರೆ. ಅದು ಒದ್ದು, ಹಾರಿ, ಡಬ್ಬಕ್ಕೆ ಬಡಿದು ಇಲ್ಲಿ ಬಿದ್ದಿದೆ. ಆ ಬಲಗೈ ಹೆಬ್ಬೆರಳು ಇವತ್ತು ಬದನೆಕಾಯಿ ಥರ ಊದಿರುತ್ತೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ನಾವು. ಪ್ರಸನ್ನ ಕುಮಾರ್ ತನ್ನ ಕೈ ನೋಡಿಕೊಂಡ. ತಪ್ಪೇ ಮಾಡದ ಚಿಕ್ಕನರಸಯ್ಯನೂ ನೋಡಿಕೊಂಡ.

“ಕೈ ಕೊಡಿ ಇಲ್ಲಿ.”

ಅಳಿಯ ಎರಡೂ ಕೈ ಚಾಚಿದ. ದಿನವಿಡೀ ಮೊಬೈಲ್ ಉಜ್ಜುವ, ನುಣ್ಣನೆಯ, ಗಾಯವಿಲ್ಲದ ಹೆಬ್ಬೆರಳು. ಅವನು ಬಿಟ್ಟ ಉಸಿರು ಬಾಗಿಲಾಚೆಗೂ ಕೇಳಿಸುವಷ್ಟು ದೊಡ್ಡದಾಗಿತ್ತು.

ಹ್ಯಾಂಡಲನ್ನು ಬಟ್ಟೆಯಲ್ಲಿ ಸುತ್ತಿಸಿಕೊಂಡು ಬಿಂದುಶ್ರೀ ಜೀಪು ಹತ್ತಿದಳು. ಕೊಂದವರು ಯಾರೆಂದು ಇನ್ನೂ ಗೊತ್ತಿರಲಿಲ್ಲ. ಕೊಲ್ಲದವನೊಬ್ಬ ಗೊತ್ತಾಗಿದ್ದ, ಇವತ್ತಿಗೆ ಅಷ್ಟು ಸಾಕು ಅನ್ನಿಸಿತು.

*

ಅನುಷಾ ಠಾಣೆಯ ಜಗಲಿಯ ಬೆಂಚಿನ ಮೇಲೆ ಕೂತಿದ್ದಳು. ಎಡಗೈಯಲ್ಲಿ ಊಟದ ಕ್ಯಾರಿಯರ್, ಬಲಗೈ ಸೆರಗಿನೊಳಗೆ.

“ನಿನ್ನ ಗಂಡ ಮಾಡಿಲ್ಲಮ್ಮ,” ಅಂದಳು ಬಿಂದುಶ್ರೀ. ಸುತ್ತಿ ಬಳಸಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. “ಸಾಯಂಕಾಲ ಇಬ್ಬರೂ ಒಟ್ಟಿಗೆ ಮನೆಗೆ ಹೋಗಿ.”

ಬೆಳಿಗ್ಗೆ ಅಳದಿದ್ದವಳು ಈಗ ಬಿಕ್ಕಿ ಬಿಕ್ಕಿ ಅತ್ತಳು. ಸೆರಗಿನೊಳಗಿನ ಕೈಯಿಂದಲೇ ಕಣ್ಣೊರೆಸಿಕೊಂಡು, “ಹೆಂಗ್ ಗೊತ್ತಾಯ್ತು ಮೇಡಂ?” ಅಂದಳು.

“ಪಾಪಕ್ಕನ ಸಂಡಿಗೆ ಹೇಳ್ತು. ಓಡಿದ್ದು ಮೋಟರ್ ಅಲ್ಲ, ಎಂಜಿನ್ ಅಂತ.”

ಅಳು ನಿಂತಿತು. “ಹೌದಾ,” ಅಂದಳು ಅನುಷಾ, ಕ್ಯಾರಿಯರನ್ನು ಮುಂದಕ್ಕೆ ಚಾಚಿ. “ಊಟ ಆರೋಗ್ತದೆ. ಕೊಡ್ತೀರಾ ಮೇಡಂ?”

ಚಿಕ್ಕನರಸಯ್ಯ ಕ್ಯಾರಿಯರ್ ಬಿಚ್ಚಿ ನೋಡಿ ನಕ್ಕ. “ರಾಗಿ ಮಿಲ್ಲಿನೋನ ಮನೇಲಿ ಬರೀ ಅನ್ನ ಸಾರೇನಮ್ಮ? ಮುದ್ದೆ ತೊಳಸಾಕೆ ಬೇಜಾರಾ?”

“ಪುರುಸೊತ್ತಾಗ್ಲಿಲ್ಲ,” ಅಂದಳು ಅವಳು.

“ಮುಚ್ಚಳಿಕೆ ಬರೆದು, ಜಾಮೀನಿಗೆ ಇವಳ ಸಹಿ ತಗೊಳ್ಳಿ,” ಎಂದು ಅವನಿಗೆ ಹೇಳಿ ಬಿಂದುಶ್ರೀ ಒಳಗೆ ಹೋದಳು.

*

ತಿಪ್ಪೇಶ್ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ನೆನ್ನೆಯಿಂದ ಅವನು ಹೇಳಿದ್ದು ಒಂದೇ ಮಾತು: ‘ನಾನಲ್ಲ ಮೇಡಂ.’ ಬೈದರೂ ಅದೇ, ಟೀ ಕೊಟ್ಟರೂ ಅದೇ.

“ಕೂತ್ಕೋ, ಊಟ ಮಾಡು. ನಿನ್ನ ಹೆಂಡತಿ ತಂದಿದಾಳೆ.”

ಅವನು ಮೇಜಿನ ಮುಂದೆ ಕೂತು ಅನ್ನ ಕಲಸಿದ. ಉಗುರ ಸಂದಿಯಲ್ಲಿ ವರ್ಷಗಟ್ಟಲೆ ಕೂತ ಡೀಸೆಲ್ ಕಪ್ಪು. ಹೆಬ್ಬೆರಳು ಎರಡೂ ನೆಟ್ಟಗಿದ್ದವು. ಬಿಂದುಶ್ರೀ ಮೊದಲು ನೋಡಿದ್ದೇ ಅದನ್ನು.

“ತಿಪ್ಪೇಶ, ಎಂಜಿನ್ ಹೊಡೆಯೋವಾಗ ಹೆಬ್ಬೆರಳು ಎಲ್ಲಿಡ್ತೀಯ?”

ಅವನು ಎಡಗೈ ಎತ್ತಿ ತೋರಿಸಿದ. ಐದು ಬೆರಳೂ ಒಂದೇ ಕಡೆಗೆ, ಕೊಕ್ಕೆಯ ಹಾಗೆ. “ಇಂಗೆ ಮೇಡಂ. ಸುತ್ತಿ ಹಿಡಿಯಂಗಿಲ್ಲ. ಒದ್ರೆ ಮುರ್ದೋಯ್ತದೆ.”

“ಯಾರಿಗೆಲ್ಲ ಹೇಳಿಕೊಟ್ಟಿದೀಯ?”

“ಯಾರ್ಗೂ ಇಲ್ಲ. ನಾನೇ ಹೊಡೀತಿದ್ದೆ.”

“ಹಾಗಿದ್ರೆ ಕೇಳು, ನಿನಗೆ ಒಳ್ಳೇ ಸುದ್ದಿ.” ಅವಳು ಕುರ್ಚಿ ಎಳೆದುಕೊಂಡು ಕೂತಳು. “ಮೊನ್ನೆ ಓಡಿದ್ದು ನಿನ್ನ ಆಟೋ ಹಾಕಿದ ಮೋಟರ್ ಅಲ್ಲ. ಎಂಜಿನ್. ನೀನಿಲ್ಲದಾಗ ಯಾರೋ ಹ್ಯಾಂಡಲ್ ಹೊಡೆದಿದಾರೆ. ನಿಮ್ಮ ಯಜಮಾನ ಸತ್ತ ಮೇಲೆ ಆರಿಸಿ ಹೋಗಿದಾರೆ.”

ತಿಪ್ಪೇಶನ ಮುಖ ಬಿಚ್ಚಿಕೊಂಡಿತು. ನೆನ್ನೆಯಿಂದ ಮೊದಲ ಸಲ ಅವನ ಕಣ್ಣಿನಲ್ಲಿ ಜೀವ ಕಂಡಿತು. “ಅಂಗಾರೆ ನನ್ನ ಬುಡ್ತೀರಾ ಮೇಡಂ?”

“ಬಿಡ್ತೀನಿ. ಆದ್ರೆ ಒಂದು ಸಹಾಯ ಮಾಡು. ಹೊಡೆದೋರು ಹ್ಯಾಂಡಲ್ ಸುತ್ತಿ ಹಿಡಿದಿದಾರೆ. ಎಂಜಿನ್ ಒದ್ದಿದೆ. ಮೊನ್ನೆಯಿಂದೀಚೆಗೆ ಬಲಗೈ ಹೆಬ್ಬೆರಳಿಗೆ ಪೆಟ್ಟಾದೋರು ಊರಲ್ಲಿ ಯಾರಾದ್ರೂ ಕಣ್ಣಿಗೆ ಬಿದ್ರಾ?”

ತಿಪ್ಪೇಶ್ ತುತ್ತು ಎತ್ತಿದ್ದ. ತುತ್ತು ಬಾಯಿಗೆ ಹೋಗಲಿಲ್ಲ.

ಅವನು ತಟ್ಟೆಯನ್ನು ನೋಡಿದ. ಅನ್ನವನ್ನು ನೋಡಿದ. ಬಾಗಿಲ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ತುತ್ತನ್ನು ನಿಧಾನವಾಗಿ ವಾಪಸ್ಸು ಇಟ್ಟ.

“ಯಾಕೋ?”

“ಏನಿಲ್ಲ.”

“ಯಾರನ್ನ ನೋಡ್ದೆ ಹೇಳು.”

“ಯಾರ್ನೂ ನೋಡಿಲ್ಲ ಮೇಡಂ.” ತಟ್ಟೆ ಪಕ್ಕಕ್ಕೆ ಸರಿಸಿ, ಎರಡು ಕೈಯನ್ನೂ ಮೇಜಿನ ಮೇಲೆ ಇಟ್ಟ. “ಬರ್ಕಳಿ. ನಾನೇ ಮಾಡಿದ್ದು.”

ಬಿಂದುಶ್ರೀಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. “ಏನಂದೆ?”

“ಎಂಜಿನ್ ಹೊಡೆದೋನು ನಾನೇಯ. ನಾನೇ ಕೊಂದಿದ್ದು. ಕೋರ್ಟಿಗೆ ಕರ್ಕಂಡೋಗಿ.”

“ನೀನು ಪಾವಗಡದಲ್ಲಿದ್ದೆ. ಕ್ಯಾಮೆರಾದಲ್ಲಿ ನಾನೇ ನೋಡಿದೀನಿ.”

“ಆಟೋ ಹಾಕಿ ಹೋಗಿದ್ದೆ.”

“ಎಂಜಿನ್ನಿಗೆ ಆಟೋ ಎಲ್ಲಿದೆ ತಿಪ್ಪೇಶ? ಅದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.”

ಅವನ ಕಣ್ಣಲ್ಲಿ ನೀರು ತುಂಬಿ ಅನ್ನದ ತಟ್ಟೆಗೇ ಉದುರಿತು. ಒರೆಸಿಕೊಳ್ಳಲಿಲ್ಲ.

“ಅಂಗಾರೆ ಮೋಟರ್ ಅಂತ್ಲೇ ಬರ್ಕಳಿ ಮೇಡಂ. ನಿಮ್ ಕಾಲಿಗೆ ಬೀಳ್ತೀನಿ. ಮೋಟರ್ರೇ ಓಡಿದ್ದು ಅಂತ ಬರ್ಕಳಿ.”

ಬಿಂದುಶ್ರೀ ಅವನ ಕೈ ನೋಡಿದಳು, ತಟ್ಟೆಯಲ್ಲಿದ್ದ ಅನ್ನ ನೋಡಿದಳು. ಬೆಳಿಗ್ಗೆ ಇದೇ ಠಾಣೆಯ ಬಾಗಿಲಲ್ಲಿ ಕೈ ಮುಗಿಯದೆ ನಿಂತವಳು ನೆನಪಾದಳು.

ಹೊರಗೆ ಜಗಲಿಯಲ್ಲಿ ಚಿಕ್ಕನರಸಯ್ಯ ಕಾಗದ ಮುಂದಿಟ್ಟು, “ಇಲ್ಲೊಂದು ಸೈನ್ ಹಾಕಮ್ಮ,” ಅನ್ನುವುದು ಕೇಳಿಸಿತು.

ಆಮೇಲೆ ಅನುಷಾಳ ದನಿ ಬಂತು.

“ಎಡಗೈಲಿ ಹಾಕುದ್ರೆ ನಡೀತದಾ ಸಾರ್?”